ನಾನು ಅಲ್ಲಾಡಲಿಲ್ಲ, ಕಾಲು ಅಲ್ಲಾಡಿತು: ಮಗಳ ಬೆನ್ನುಹುರಿಗೆ ಎಂಆರ್‌ಐ ಮಾಡಿಸಿದ ಅನುಭವ

ಎಕ್ಸ್‌ರೇಯಲ್ಲಿ ಏನೂ ಇಲ್ಲ. ಸಿಟಿ ಸ್ಕ್ಯಾನಿನಲ್ಲಿಯೂ ಏನೂ ಇಲ್ಲ. ಈ ಎರಡು ವರದಿಗಳನ್ನು ಚೀಲದಲ್ಲಿಟ್ಟುಕೊಂಡು ಕಳೆದ ಜೂನ್ ತಿಂಗಳ ಒಂದು ರಾತ್ರಿ ಹಾಸನದ ಆಸ್ಪತ್ರೆಯೊಂದರ ಹೊಸ್ತಿಲಲ್ಲಿ ನಿಂತಿದ್ದೆ. ಏಳೂವರೆ ವರ್ಷದ ಮಗಳು ಅಪ್ಪನ ಹೆಗಲ ಮೇಲಿದ್ದಳು. ಅವಳ ಎರಡು ಕಾಲುಗಳೂ ಹಿಂಡಿ ಹಾಕಿದ ಬಟ್ಟೆಯಂತೆ ಜೋತುಬಿದ್ದಿದ್ದವು. ‘ಎಲುಬು ಗಟ್ಟಿಯಾಗಿದೆ, ಹೆದರಬೇಡಿ’ ಎಂದವರ ಮಾತನ್ನು ನಂಬಬೇಕೆಂದು ನನಗೆ ಬಹಳ ಆಸೆಯಿತ್ತು.

ನಾನು ಅರಸೀಕೆರೆ ಕಡೆಯವಳು, ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಕಾಗದ ಜೋಡಿಸುವುದು, ರಸೀದಿ ಅಂಟಿಸುವುದು, ದಿನಾಂಕ ಬರೆದಿಡುವುದು ನನ್ನ ಕಸುಬು. ಹಾಗಾಗಿಯೇ ಈ ಆರು ತಿಂಗಳ ಲೆಕ್ಕ ನನ್ನ ಬಳಿ ಅಚ್ಚುಕಟ್ಟಾಗಿದೆ. ಮಕ್ಕಳ ಬೆನ್ನುಹುರಿಗೆ ಪೆಟ್ಟಾದಾಗ ಮಾಡಿಸುವ, ಡಿಟಿಐ ಎಂಬ ‘ಮುಂದುವರಿದ’ ಎಂಆರ್‌ಐ ಬಗ್ಗೆ ನಾನು ಹುಡುಕಿದಾಗ ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ನಮ್ಮ ಹಿಂದೆ ಬರುವವರಿಗೆ ನಾಲ್ಕು ಸಾಲಾದರೂ ಸಿಗಲಿ ಎಂದು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟೇ. ಜೂನ್ 21ರ ಯೋಗ ದಿನಕ್ಕೆ ಶಾಲೆಯಲ್ಲಿ ಮಕ್ಕಳನ್ನು ತಯಾರು ಮಾಡುತ್ತಿದ್ದರು. ಪುಟ್ಟಿಗೆ ಚಕ್ರಾಸನ ಚೆನ್ನಾಗಿ ಬರುತ್ತಿತ್ತು. ಮನೆಯ ಅಂಗಳದಲ್ಲಿ ಅಜ್ಜಿಗೆ ತೋರಿಸಲು ಹೋಗಿ, ಮೂರನೆಯ ಸಲ ಹಿಂದಕ್ಕೆ ಬಾಗಿದವಳು ‘ಬೆನ್ನು ಚುಳ್ ಎಂದಿತು’ ಎಂದು ಕುಳಿತಳು. ಬೀಳಲಿಲ್ಲ, ಯಾವುದಕ್ಕೂ ತಾಗಲಿಲ್ಲ. ಎದ್ದು ಒಳಗೆ ಬಂದು ನೀರನ್ನೂ ಕುಡಿದಳು. ಅರ್ಧ ಗಂಟೆಯ ನಂತರ ಕಾಲು ಜುಮುಜುಮು ಎನ್ನುತ್ತಿದೆ ಎಂದಳು. ಇನ್ನೊಂದು ಗಂಟೆಗೆ ಏಳಲಾಗಲಿಲ್ಲ. ಉಳುಕಿರಬೇಕೆಂದು ಅಜ್ಜಿ ಎಳ್ಳೆಣ್ಣೆ ಬಿಸಿ ಮಾಡಿ ನೀವಿದರು. ಅದನ್ನು ತಡೆಯದೆ ಇದ್ದದ್ದಕ್ಕೆ ಇಂದಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ನೀವಿದ್ದರಿಂದಲೇ ಹೆಚ್ಚಾಯಿತು ಎಂದು ಯಾರೂ ಹೇಳಿಲ್ಲ, ಆದರೆ ಎರಡು ಗಂಟೆ ಹೋಯಿತು. ಶಾಲೆಯನ್ನು ದೂರುವ ಬರಹ ಇದಲ್ಲ. ಹಿಂದಕ್ಕೆ ಬಾಗಿದ ಮೇಲೆ ಬೆನ್ನು ನೋವು, ಕಾಲು ಜೋಮು ಎಂದು ಮಗು ಹೇಳಿದರೆ ಎಣ್ಣೆ ಬೇಡ, ನಾಟಿ ವೈದ್ಯರು ಬೇಡ. ಅಲುಗಾಡಿಸದೆ ಚಪ್ಪಟೆ ಮಲಗಿಸಿ, ಎಂಆರ್‌ಐ ಇರುವ ಆಸ್ಪತ್ರೆಗೆ ಹೋಗಿ.

ಹಾಸನದಲ್ಲಿ ರಾತ್ರಿ ಪಾಳಿಯ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರು ಬಂದು ಒಂದೇ ಪ್ರಶ್ನೆ ಕೇಳಿದರು: ‘ಮಗು ಮೂತ್ರ ಮಾಡಿ ಎಷ್ಟು ಹೊತ್ತಾಯಿತು?’ ನನಗೆ ಗೊತ್ತಿರಲಿಲ್ಲ. ಸಂಜೆಯಿಂದ ಮಾಡಿರಲಿಲ್ಲ. ಕೆಳಹೊಟ್ಟೆ ತೆಂಗಿನಕಾಯಿಯಂತೆ ಉಬ್ಬಿತ್ತು, ಪುಟ್ಟಿಗೆ ಅದರ ಅರಿವೇ ಇರಲಿಲ್ಲ. ಆ ವೈದ್ಯೆ ನಳಿಕೆ ಹಾಕಿ ಮೂತ್ರ ತೆಗೆದು, ‘ಇದು ಎಲುಬಿನದಲ್ಲ, ಹುರಿಯದು. ಈಗಲೇ ಬೆಂಗಳೂರಿಗೆ ಹೊರಡಿ’ ಎಂದರು. ಆಂಬುಲೆನ್ಸಿಗೆ 9,000 ರೂಪಾಯಿ.

ಬೆಂಗಳೂರಿನಲ್ಲಿ ಮಾರನೆಯ ದಿನ ಮಧ್ಯಾಹ್ನ ಮೊದಲ ಎಂಆರ್‌ಐ ಆಯಿತು. 1.5 ಟೆಸ್ಲಾ ಯಂತ್ರ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ), ಇಡೀ ಬೆನ್ನು. ವರದಿಯಲ್ಲಿ ಎದೆಭಾಗದ ಹುರಿಯಲ್ಲಿ ‘ಮಸುಕಾದ ಬದಲಾವಣೆ ಇರಬಹುದು’ ಎಂದಿತ್ತು. ಇರಬಹುದು! ಐದನೆಯ ದಿನ ಮತ್ತೆ ಮಾಡಿದಾಗ ಎದೆಯ ಮಧ್ಯದಿಂದ ಕೆಳಗಿನವರೆಗೆ ಹುರಿ ಊದಿಕೊಂಡು ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಸೋಂಕಿನಿಂದಲೋ ಉರಿಯೂತದಿಂದಲೋ ಆಗಿರಬಹುದೇ ಎಂದು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದ್ದರು. ಅದರಲ್ಲಿ ಏನೂ ಸಿಗಲಿಲ್ಲ.

ನರರೋಗ ತಜ್ಞರು ಆ ದಿನ ಒಂದು ಹೆಸರು ಹೇಳಿದರು: ಸ್ಕಿವೋರಾ. ಎಕ್ಸ್‌ರೇಯಲ್ಲಿ ಏನೂ ಕಾಣದೆ ಬೆನ್ನುಹುರಿಗಾಗುವ ಹಾನಿ. ಪಾಂಗ್ ಮತ್ತು ವಿಲ್ಬರ್ಗರ್ ಎಂಬ ಇಬ್ಬರು ಅಮೆರಿಕದ ವೈದ್ಯರು 1982ರಲ್ಲಿ ಇಟ್ಟ ಹೆಸರಂತೆ. ಎಂಆರ್‌ಐ ಇನ್ನೂ ಬಹುತೇಕ ಆಸ್ಪತ್ರೆಗಳಿಗೆ ಬಂದಿರದ ಕಾಲದ ಹೆಸರು, ಇಂದಿಗೂ ಉಳಿದುಕೊಂಡಿದೆ. ಮಕ್ಕಳ ಎಲುಬಿನ ಕೀಲುಗಳು, ಕಟ್ಟುಗಳು ಸಡಿಲ. ಎಳೆದರೆ ಹಿಗ್ಗಿ ಮತ್ತೆ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಒಳಗಿನ ಹುರಿಗೆ ಆ ಸಡಿಲವಿಲ್ಲ. ಹುಟ್ಟಿದ ಕೂಸಿನ ಬೆನ್ನೆಲುಬು ಎರಡು ಇಂಚಿನವರೆಗೂ ಹಿಗ್ಗೀತು, ಹುರಿ ಕಾಲು ಇಂಚಿಗೇ ಹರಿಯುತ್ತದೆ ಎಂದು ಅವರು ಬೆರಳಿನಲ್ಲಿ ಅಳತೆ ತೋರಿಸಿದರು. ಚೀನಾದಲ್ಲಿ ನೃತ್ಯಾಭ್ಯಾಸಕ್ಕೆಂದು ಹಿಂದಕ್ಕೆ ಬಾಗಿದ ಪುಟ್ಟ ಹುಡುಗಿಯರಲ್ಲಿ ಇದೇ ತರಹದ ಹಾನಿಯನ್ನು ಅಲ್ಲಿನ ವೈದ್ಯರು ಬಹಳ ಕಂಡಿದ್ದಾರಂತೆ. ನನ್ನ ಮಗಳಂಥವರು ಬೇರೆಡೆಯೂ ಇದ್ದಾರೆ ಎಂದು ಕೇಳಿದಾಗ ಸಮಾಧಾನವಾಯಿತು. ಹಾಗೆ ಸಮಾಧಾನವಾದದ್ದಕ್ಕೆ ಮರುಕ್ಷಣವೇ ನಾಚಿಕೆಯೂ ಆಯಿತು.

ಮೂರು ವಾರ ಆಸ್ಪತ್ರೆ, ಆಮೇಲೆ ಪುನರ್ವಸತಿ ವಿಭಾಗ. ನಾಲ್ಕು ಗಂಟೆಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ನಾನು ಕಲಿತೆ, ಕಾಲುಗಳ ವ್ಯಾಯಾಮವನ್ನು ಅವಳ ಅಪ್ಪ ಕಲಿತರು. ಆ ಭಾಗವನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೇ ಬೇರೆ ಬರಹ ಬೇಕು.

ಡಿಟಿಐ ಎಂಬ ಮೂರಕ್ಷರ ಬಂದದ್ದು ಸೆಪ್ಟೆಂಬರ್‌ನಲ್ಲಿ. ಪುನರ್ವಸತಿ ವೈದ್ಯರು ಪುಟ್ಟಿಗೆ ಹತ್ತಿ ಮತ್ತು ಪಿನ್ನಿನ ಪರೀಕ್ಷೆ ಮಾಡುತ್ತಿದ್ದರು. ಕಣ್ಣು ಮುಚ್ಚಿಸಿ, ದೇಹದ ಒಂದೊಂದು ಗುರುತಿನ ಜಾಗದಲ್ಲಿ ಹತ್ತಿಯಿಂದ ಮುಟ್ಟುವುದು, ಪಿನ್ನಿನಿಂದ ಮೆಲ್ಲಗೆ ಚುಚ್ಚುವುದು. ಯಾವುದು ಗೊತ್ತಾಯಿತು ಎಂದು ಮಗು ಹೇಳಬೇಕು. ಪುಟ್ಟಿ ಟಪಟಪನೆ ‘ಹತ್ತಿ, ಪಿನ್ನು, ಹತ್ತಿ’ ಎಂದು ಉತ್ತರಿಸುತ್ತಿದ್ದಳು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ವೈದ್ಯರು ಒಮ್ಮೆ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ‘ಈಗ?’ ಎಂದರು. ‘ಪಿನ್ನು’ ಎಂದಳು. ಶಾಲೆಯಲ್ಲಿ ಉತ್ತರ ಹೇಳದೆ ಕೂರುವ ಮಗು ಅಲ್ಲ ನನ್ನದು. ಊಹಿಸಿ ಹೇಳುತ್ತಿದ್ದಳು, ನಾವೆಲ್ಲ ಖುಷಿಪಡಲಿ ಎಂದು.

ಹಾನಿ ಪೂರ್ತಿಯೋ ಭಾಗಶಃವೋ ಎಂದು ತೀರ್ಮಾನವಾಗುವುದು ಈ ಪರೀಕ್ಷೆಯಿಂದಲೇ. ಅದರ ಕೊನೆಗೆ ಗುದದ್ವಾರದ ಒಳಪರೀಕ್ಷೆಯೂ ಇರುತ್ತದೆ. ಅದನ್ನು ಯಾವ ಮಗು ತಾನೆ ಸುಮ್ಮನೆ ಮಾಡಿಸಿಕೊಳ್ಳುತ್ತದೆ? ಚಿಕ್ಕ ಮಕ್ಕಳಲ್ಲಿ ಈ ಪರೀಕ್ಷೆಯ ಉತ್ತರವನ್ನು ಪೂರ್ತಿ ನೆಚ್ಚುವಂತಿಲ್ಲ ಎಂಬ ಕಾರಣಕ್ಕೇ ಮಗುವಿನ ಬಾಯಿಂದ ಕೇಳದೆ ಹುರಿಯನ್ನೇ ಕೇಳುವ ದಾರಿ ಹುಡುಕುತ್ತಿದ್ದಾರೆ, ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್, ಅಂದರೆ ಡಿಟಿಐ, ಅದರಲ್ಲೊಂದು, ಹುರಿಯೊಳಗಿನ ನೀರು ಯಾವ ದಿಕ್ಕಿಗೆ ಸರಿಯುತ್ತದೆ ಎಂದು ಅಳೆಯುವ ಎಂಆರ್‌ಐ ಅದು ಎಂದು ವೈದ್ಯರು ವಿವರಿಸಿದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಕ್ಕಳ ಮೇಲೆ ಈ ಕುರಿತು ಸಾಕಷ್ಟು ಕೆಲಸ ನಡೆದಿದೆಯಂತೆ. ‘ಇದು ನಿತ್ಯದ ಪರೀಕ್ಷೆಯಲ್ಲ. ಮಾಡಿಸಿದರೆ ಒಂದಿಷ್ಟು ಹೆಚ್ಚು ತಿಳಿಯಬಹುದು. ಮಾಡಿಸದಿದ್ದರೆ ಚಿಕಿತ್ಸೆ ನಿಲ್ಲುವುದಿಲ್ಲ’ ಎಂದರು. ಈ ಕೊನೆಯ ಮಾತನ್ನು ಅವರು ಅಂದೇ ಹೇಳಿದ್ದು ದೊಡ್ಡ ಉಪಕಾರ. ಹಣ ಹೊಂದಿಸಲಾಗದೆ ಇದನ್ನು ಬಿಟ್ಟವರು ಮಗುವಿಗೆ ಅನ್ಯಾಯ ಮಾಡಿದೆವು ಎಂದು ಕೊರಗಬೇಕಾಗಿಲ್ಲ.

ನಾವು ಮಾಡಿಸುವುದೆಂದು ತೀರ್ಮಾನಿಸಿದೆವು. ತೀರ್ಮಾನಿಸಿದ ಮೇಲೆ ಮಾಡುವವರು ಯಾರು ಎಂಬ ಹುಡುಕಾಟ. ಮೊದಲ ಸ್ಕ್ಯಾನ್ ಕೇಂದ್ರದಲ್ಲಿ ಕಿಟಕಿಯ ಹಿಂದಿದ್ದವರು ‘ಡಿಟಿಐ ಮಿದುಳಿಗೆ ಮಾತ್ರ’ ಎಂದರು. ಎರಡನೆಯ ಕಡೆ ‘ಆಗುತ್ತದೆ’ ಎಂದು ಮುಂಗಡ ಕಟ್ಟಿಸಿಕೊಂಡು, ಎರಡು ದಿನ ಬಿಟ್ಟು ಫೋನು ಮಾಡಿ, ನಮ್ಮಲ್ಲಿ ಬೆನ್ನಿಗೆ ಆ ತಂತ್ರಾಂಶ ಇಲ್ಲ ಎಂದರು. ಮುಂಗಡ ವಾಪಸು ಬರಲು ಹದಿನೇಳು ದಿನ. ಮಿದುಳು ತಲೆಬುರುಡೆಯೊಳಗೆ ಮಿಸುಕದೆ ಕೂತಿರುತ್ತದೆ, ದೊಡ್ಡದಾಗಿಯೂ ಇದೆ. ಬೆನ್ನುಹುರಿಯೋ ಪುಟ್ಟಿಯ ಕಿರುಬೆರಳಿಗಿಂತ ತೆಳು. ಪಕ್ಕದಲ್ಲಿ ಹೃದಯ ಬಡಿಯುತ್ತದೆ, ಶ್ವಾಸಕೋಶದ ಗಾಳಿ ಚಿತ್ರವನ್ನು ಸೊಟ್ಟಗಾಗಿಸುತ್ತದೆ, ಹುರಿಯ ಸುತ್ತಲ ನೀರು ಕೂಡ ನಾಡಿಯೊಂದಿಗೆ ಮಿಡಿಯುತ್ತದೆ. ಇದರ ನಡುವೆ ಅಳತೆ ತೆಗೆಯುವುದು ಎಲ್ಲರ ಕೈಯಲ್ಲೂ ಆಗುವ ಕೆಲಸವಲ್ಲ. ಹಾಗಾಗಿ ಕಿಟಕಿಯಲ್ಲಿ ಕೇಳಬೇಡಿ, ಸ್ಕ್ಯಾನ್ ನೋಡಿ ವರದಿ ಬರೆಯುವ ವೈದ್ಯರಾದ ರೇಡಿಯಾಲಜಿಸ್ಟರನ್ನೇ ಕೇಳಿ. ಯಂತ್ರ 3 ಟೆಸ್ಲಾದ್ದೇ, ಮಕ್ಕಳ ಬೆನ್ನುಹುರಿಗೆ ಡಿಟಿಐ ಮಾಡಿ ಅಭ್ಯಾಸವಿದೆಯೇ, ಸಂಖ್ಯೆಗಳನ್ನು ವರದಿಯಲ್ಲಿ ಬರೆದು ಕೊಡುತ್ತೀರಾ, ಈ ಮೂರನ್ನು ಕೇಳಿದರೆ ಸಾಕು. ಕಳಿಸುವ ವೈದ್ಯರ ಚೀಟಿಯಲ್ಲೂ ಬರೀ ‘ಎಂಆರ್‌ಐ ಸ್ಪೈನ್’ ಎಂದು ಇರಬಾರದು. ಹುರಿಯ ಯಾವ ಭಾಗ, ಡಿಟಿಐ ಬೇಕು, ಯಾಕೆ ಬೇಕು ಎಂದು ಇರಲಿ. ದರಪಟ್ಟಿ ನೋಡುವಾಗ ಇನ್ನೊಂದು ಎಚ್ಚರ: ಕುತ್ತಿಗೆ, ಎದೆ, ಸೊಂಟ ಎಂದು ಬೆನ್ನನ್ನು ಮೂರು ಪಾಲು ಮಾಡಿ ಮೂರು ಬಿಲ್ಲು ಹಾಕುವುದುಂಟು. ಗೋಡೆಯ ಮೇಲಿನ ದರ ಒಂದು ಪಾಲಿನದು.

ಮೂರನೆಯ ಕಡೆ ಕೆಲಸ ಕೂಡಿಬಂತು. ಅಲ್ಲಿನ ರೇಡಿಯಾಲಜಿಸ್ಟ್ ಹಳೆಯ ಎರಡು ಎಂಆರ್‌ಐಗಳ ಸಿಡಿ ಕೇಳಿದರು. ನನ್ನ ಬಳಿ ಇದ್ದದ್ದು ಫಿಲಂ ಹಾಳೆಗಳು ಮಾತ್ರ. ಕಾಗದದ ಮನುಷ್ಯಳಾದ ನಾನು ಅವುಗಳನ್ನು ಮಡಿಕೆ ಬೀಳದಂತೆ ಹಲಗೆಯ ನಡುವೆ ಇಟ್ಟು ತಂದಿದ್ದೆ. ಅವರು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಹೋಲಿಸಲು ಬೇಕಾದದ್ದು ಡೈಕಾಮ್ ಎಂಬ ಮೂಲ ಕಡತಗಳಂತೆ. ಅವುಗಳಿಗಾಗಿ ಹಳೆಯ ಆಸ್ಪತ್ರೆಗೆ ಅರ್ಜಿ, ಗುರುತಿನ ಚೀಟಿಯ ನಕಲು, 300 ರೂಪಾಯಿ, ಮೂರು ದಿನ. ನೀವು ಬಿಡುಗಡೆಯ ದಿನವೇ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ, ಅಲ್ಲೇ ಯಾವುದಾದರೂ ಕಂಪ್ಯೂಟರಿನಲ್ಲಿ ಅದು ತೆರೆಯುತ್ತದೆಯೇ ನೋಡಿಕೊಳ್ಳಿ.

ಇನ್ನು ಅರಿವಳಿಕೆಯ ಪ್ರಶ್ನೆ. ಎಪ್ಪತ್ತು ನಿಮಿಷ ಕದಲದೆ ಮಲಗಬೇಕು. ಏಳೂವರೆ ವರ್ಷದ ಮಗು ಮಲಗೀತೇ? ‘ಅಭ್ಯಾಸ ಮಾಡಿಸಿದರೆ ಮಲಗುವ ಮಕ್ಕಳೂ ಇದ್ದಾರೆ. ಅರಿವಳಿಕೆ ತಪ್ಪಿದರೆ ಒಳ್ಳೆಯದೇ’ ಎಂದು ತಂತ್ರಜ್ಞರೊಬ್ಬರು ಯಂತ್ರದ ಸದ್ದನ್ನು ನನ್ನ ಮೊಬೈಲಿಗೆ ಧ್ವನಿಮುದ್ರಿಸಿ ಕೊಟ್ಟರು.

ನಮ್ಮ ಮನೆಯ ಊಟದ ಮೇಜು ಹದಿನೈದು ದಿನ ಎಂಆರ್‌ಐ ಆಯಿತು. ಕೆಳಗೆ ಚಾಪೆ, ಮೂರು ಕಡೆ ಜಮಖಾನ ಇಳಿಬಿಟ್ಟು ಗುಹೆ. ಪುಟ್ಟಿಯನ್ನು ಒಳಗೆ ಮಲಗಿಸಿ, ಹೊಟ್ಟೆಯ ಮೇಲೆ ಒಂದು ಅಡಿಕೆ ಇಡುತ್ತಿದ್ದೆವು. ಅಡಿಕೆ ಉರುಳಿದರೆ ಔಟ್. ಮೊಬೈಲಿನಲ್ಲಿ ಆ ಸದ್ದು: ಮೊದಲು ಬೋರ್‌ವೆಲ್ ಕೊರೆದಂತೆ, ಆಮೇಲೆ ಯಾರೋ ತಗಡಿನ ಬಾಗಿಲು ಬಡಿದಂತೆ, ಆಮೇಲೆ ರೈಲು ಸೇತುವೆ ದಾಟಿದಂತೆ. ನಮ್ಮದು ರೈಲಿನ ಊರು. ಪುಟ್ಟಿ ಆ ಕೊನೆಯ ಸದ್ದಿಗೆ ‘ಗೂಡ್ಸ್ ಗಾಡಿ’ ಎಂದು ಹೆಸರಿಟ್ಟು ಬೋಗಿ ಎಣಿಸುತ್ತಿದ್ದಳು. ಮೊದಲ ದಿನ ನಾಲ್ಕು ನಿಮಿಷ. ಹತ್ತನೆಯ ದಿನ ನಲವತ್ತು. ಹದಿನೈದನೆಯ ದಿನ ಅಡಿಕೆ ಒಂದು ಗಂಟೆ ಹತ್ತು ನಿಮಿಷ ಉರುಳಲಿಲ್ಲ, ತಮ್ಮ ಹೊರಗಿನಿಂದ ಕಚಗುಳಿಯ ಬೆದರಿಕೆ ಹಾಕಿದರೂ ಉರುಳಲಿಲ್ಲ.

ಅಕ್ಟೋಬರ್‌ನ ಒಂದು ಮಂಗಳವಾರ ಬೆಳಗಿನ ರೈಲಿಗೆ ಹೊರಟೆವು. ಲೋಹದ ಪಟ್ಟಿಯನ್ನು ಮೊದಲೇ ಓದಿದ್ದೆ, ಓಲೆ, ಬಳೆ, ಕೂದಲ ಕ್ಲಿಪ್ಪು ಊರಲ್ಲೇ ಬಿಚ್ಚಿಸಿದ್ದೆ. ಆದರೂ ಬಾಗಿಲಲ್ಲಿ ಸಿಕ್ಕಿಬಿದ್ದೆವು. ಉಡಿದಾರದ ಬೆಳ್ಳಿ ಗುಂಡು ಮರೆತಿತ್ತು. ಅಜ್ಜಿ ನಮಗೆ ಹೇಳದೆ ತೋಳಿಗೆ ಕಟ್ಟಿದ್ದ ತಾಯಿತ ಹೊರಬಂತು. ಕಣ್ಣಿನ ಕಾಡಿಗೆ ಒರೆಸಿ ಎಂದರು, ಕೆಲವು ಕಾಡಿಗೆಗಳಲ್ಲಿ ಲೋಹದ ಅಂಶವಿರುತ್ತದಂತೆ. ಪುಟ್ಟಿಯ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಮತ್ತು ಗಾಲಿಕುರ್ಚಿ ಹೊರಗೇ ಉಳಿದವು. ಒಳಗೆ ಅವರದೇ ಲೋಹವಿಲ್ಲದ ಗಾಲಿಮಂಚ ಇದೆ. ಅವಳ ಜೊತೆ ಒಳಗೆ ಕೂರಲು ನನಗೆ ಅನುಮತಿಯಿತ್ತು. ತಾಳಿ ಬಿಚ್ಚಿ ಎಂದರು. ಚಿನ್ನವನ್ನು ಕಾಂತ ಎಳೆಯುವುದಿಲ್ಲವಲ್ಲ ಎಂದು ನಾನು ವಾದ ಹೂಡಿದೆ. ತಂತ್ರಜ್ಞೆ ನಗುತ್ತ ಸರವನ್ನು ಎತ್ತಿ ತೋರಿಸಿದರು: ಅದರಲ್ಲಿ ನಾಲ್ಕು ಸೇಫ್ಟಿ ಪಿನ್ನುಗಳು ತೂಗುತ್ತಿದ್ದವು. ಸೆರಗಿನಲ್ಲಿ ಇನ್ನೆರಡು. ಭೂಮಿಯ ಕಾಂತಕ್ಷೇತ್ರದ ಸುಮಾರು 60,000 ಪಟ್ಟು ಬಲದ ಯಂತ್ರ ಅದು, ಸ್ಕ್ಯಾನ್ ನಡೆಯದಿರುವಾಗಲೂ ಕಾಂತ ಆರುವುದಿಲ್ಲ. ಮಗಳ ಮೈಯನ್ನೆಲ್ಲ ಹುಡುಕಿದವಳು ನನ್ನದನ್ನು ನೋಡಿಕೊಂಡಿರಲಿಲ್ಲ.

ಇಬ್ಬರ ಕಿವಿಗೂ ಹತ್ತಿ, ಅದರ ಮೇಲೆ ಹೆಡ್‌ಫೋನ್. ನಾನು ಅವಳ ಪಾದದ ಬಳಿ ಕೂತೆ. ಮಾಮೂಲಿ ಚಿತ್ರಗಳು ಮೂವತ್ತು ನಿಮಿಷದಲ್ಲಿ ಮುಗಿದವು. ಡಿಟಿಐ ಶುರುವಾಯಿತು, ಗೂಡ್ಸ್ ಗಾಡಿ ಹೊರಟಿತು. ಆಗ ನನ್ನ ಕಣ್ಣೆದುರೇ ಅವಳ ಎಡಗಾಲು ಸೆಟೆದುಕೊಂಡು ಮೊಣಕಾಲು ಮೇಲಕ್ಕೆ ಜಿಗಿಯಿತು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಸೆಳೆತ. ಹುರಿಗೆ ಹಾನಿಯಾದ ಕೆಲವು ವಾರಗಳ ನಂತರ ಇದು ಬರುತ್ತದೆ. ಮೇಲಿನಿಂದ ಹಿಡಿತ ತಪ್ಪಿದ ಕೆಳಗಿನ ಹುರಿ ತನಗೆ ತಾನೇ ಕಾಲನ್ನು ಎಳೆಯುತ್ತದೆ. ಮನೆಯಲ್ಲಿ ಅಪರೂಪಕ್ಕೆ ಆಗುತ್ತಿತ್ತು, ಮೇಜಿನ ಕೆಳಗೆ ಒಮ್ಮೆಯೂ ಆಗಿರಲಿಲ್ಲ. ಆ ಕೋಣೆಯ ತಣ್ಣನೆಯ ಗಾಳಿಗೋ, ಮಂಚದ ಅದುರಿಗೋ, ಅಂದು ಬಿಡಲೇ ಇಲ್ಲ. ಬೆಲ್ಟು ಕಟ್ಟಿ ನೋಡಿದರು, ದಿಂಬು ಕೊಟ್ಟು ನೋಡಿದರು. ನೀರಿನ ಕಣಗಳು ಮಿಲಿಮೀಟರಿನ ಸಾವಿರದ ಕೆಲವು ಪಾಲಿನಷ್ಟು ಸರಿಯುವುದನ್ನು ಅಳೆಯುವ ಯಂತ್ರಕ್ಕೆ ಕಾಲಿನ ಜಿಗಿತವೆಂದರೆ ಭೂಕಂಪ. ಎರಡು ಸಲ ಮೊದಲಿನಿಂದ ಶುರುಮಾಡಿ ಕೊನೆಗೆ ನಿಲ್ಲಿಸಿದರು.

ಹೊರಗೆ ತಂದಾಗ ಪುಟ್ಟಿಯ ಮುಖ ಕೆಂಪಾಗಿತ್ತು. ಹೆಡ್‌ಫೋನ್ ತೆಗೆದ ಕೂಡಲೇ, ಯಾರೂ ಏನೂ ಕೇಳದಿದ್ದರೂ, ‘ನಾನು ಅಲ್ಲಾಡಲಿಲ್ಲ ಅಮ್ಮ, ಕಾಲು ಅಲ್ಲಾಡಿತು’ ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು. ನಾಲ್ಕು ತಿಂಗಳಿಂದ ‘ಕಾಲು ಅಲ್ಲಾಡಿಸು ಚಿನ್ನ’ ಎಂದು ದಿನವೂ ಬೇಡಿಕೊಳ್ಳುತ್ತಿದ್ದವರು ನಾವೇ. ಅಂದು ಅವು ಅಲ್ಲಾಡಿದ್ದಕ್ಕೆ ಮಗು ಕ್ಷಮೆ ಕೇಳುತ್ತಿತ್ತು. ಅವಳ ಅಪ್ಪ ಗಾಲಿಕುರ್ಚಿಯ ಬ್ರೇಕನ್ನು ಸುಮ್ಮನೆ ಹಾಕುತ್ತ ತೆಗೆಯುತ್ತ ನಿಂತಿದ್ದರು.

ಇಲ್ಲೊಂದು ಮಾತು. ಸೆಳೆತ ನೋಡಿದ ನೆಂಟರು ‘ಕಾಲು ಬರುತ್ತಿದೆ!’ ಎಂದು ಹರಸುತ್ತಾರೆ. ಅದು ಮಗು ಮಾಡಿದ ಚಲನೆಯಲ್ಲ. ಅವರಿಗೆ ಹೇಗೋ ವಿವರಿಸಿ, ಆದರೆ ಸ್ಕ್ಯಾನ್ ಕೇಂದ್ರಕ್ಕೆ ತಪ್ಪದೆ ಮೊದಲೇ ತಿಳಿಸಿ. ನಾನು ಅರ್ಜಿ ನಮೂನೆಯಲ್ಲಿ ಬರೆದಿರಲಿಲ್ಲ, ಅದನ್ನು ಕೇಳುವ ಕಾಲಂ ಕೂಡ ಅದರಲ್ಲಿ ಇರಲಿಲ್ಲ. ಗೊತ್ತಿದ್ದರೆ ನೇರವಾಗಿ ಅರಿವಳಿಕೆಯಲ್ಲೇ ಮಾಡುತ್ತಿದ್ದೆವು ಎಂದರು.

ಎರಡನೆಯ ದಿನಾಂಕ ನವೆಂಬರ್ ಮೊದಲ ವಾರಕ್ಕೆ ಸಿಕ್ಕಿತು. ಹಿಂದಿನ ಸಂಜೆಯೇ ಹೋಗಿ ಲಾಡ್ಜಿನಲ್ಲಿ ಉಳಿದೆವು, ರಾತ್ರಿ ಪುಟ್ಟಿಗೆ ಮೂಗು ಸೋರಲು ಶುರುವಾಯಿತು. ಬೆಳಿಗ್ಗೆ ಅರಿವಳಿಕೆ ತಜ್ಞರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ‘ಇವತ್ತು ಬೇಡ, ಎರಡು ವಾರ ಬಿಟ್ಟು ಬನ್ನಿ’ ಎಂದರು. ನೆಗಡಿ ಕೆಮ್ಮು ಇರುವಾಗ ಅರಿವಳಿಕೆ ಕೊಟ್ಟರೆ ಮಕ್ಕಳ ಉಸಿರಾಟದ ದಾರಿ ಬಿಗಿದುಕೊಳ್ಳುವ ಅಪಾಯ ಹೆಚ್ಚು. ಸರಿಯಾದ ನಿರ್ಧಾರವೇ. ಆದರೆ ಹಿಂದಿನ ದಿನ ಫೋನಿನಲ್ಲಿ ಕೇಳಬಹುದಿತ್ತಲ್ಲ ಎಂದು ರೈಲಿನುದ್ದಕ್ಕೂ ಗೊಣಗಿದೆ. ನಾನೂ ಹೇಳಬಹುದಿತ್ತು. ತಮ್ಮನಿಗೆ ಮೂರು ದಿನದಿಂದ ನೆಗಡಿಯಿತ್ತು.

ನವೆಂಬರ್ ಕೊನೆಯಲ್ಲಿ ಮತ್ತೆ ಹೋದೆವು. ಆಹಾರ ಆರು ಗಂಟೆ ಮೊದಲು ನಿಲ್ಲಿಸಬೇಕು, ತಿಳಿನೀರು ಎರಡು ಗಂಟೆ ಮೊದಲಿನವರೆಗೆ ಕೊಡಬಹುದು ಎಂದಿದ್ದರು. ಎಂಟು ಗಂಟೆಗೆ ಸಮಯ. ಮಧ್ಯರಾತ್ರಿ ಒಂದಕ್ಕೆ ಎಬ್ಬಿಸಿ ಇಡ್ಲಿ ತಿನ್ನಿಸಿದೆ. ಏಳೂಮುಕ್ಕಾಲಿಗೆ ಅಪಘಾತದ ಪ್ರಕರಣವೊಂದು ಬಂದು ಯಂತ್ರ ಅವರ ಪಾಲಾಯಿತು. ಯಾರನ್ನು ಬೈಯುವುದು? ಜೂನ್‌ನಲ್ಲಿ ನಾವೂ ಹೀಗೆಯೇ ಯಾರದೋ ಸರದಿ ಕಿತ್ತುಕೊಂಡಿದ್ದೆವು. ಹತ್ತೂವರೆಗೆ ಹಸಿವಿನಿಂದ ಅಳು ಶುರುವಾಯಿತು. ನರ್ಸನ್ನು ಕೇಳಿದಾಗ, ಇನ್ನೂ ಎರಡು ಗಂಟೆ ತಡವಿದೆ, ಸಕ್ಕರೆ ನೀರು ಕೊಡಿ ಎಂದರು. ಕೇಳದೇ ಇದ್ದಿದ್ದರೆ ಯಾರೂ ಹೇಳುತ್ತಿರಲಿಲ್ಲ. ತಡವಾದಾಗಲೆಲ್ಲ ಹೋಗಿ ಕೇಳಿ, ಸಂಕೋಚ ಬೇಡ. ಆದರೆ ಕೇಳದೆ ಒಂದು ಗುಟುಕನ್ನೂ ಕೊಡಬೇಡಿ. ಕೈಗೆ ಸೂಜಿ ಚುಚ್ಚುವ ಒಂದು ಗಂಟೆ ಮೊದಲೇ ಮರಗಟ್ಟಿಸುವ ಮುಲಾಮು ಹಚ್ಚಿಸಿಕೊಂಡದ್ದು ಒಳ್ಳೆಯದಾಯಿತು. ಅದನ್ನೂ ಕೇಳಿಯೇ ಪಡೆಯಬೇಕಾಯಿತು.

ಒಂದೂಕಾಲಿಗೆ ಒಳಗೆ ಕರೆದರು. ಪುಟ್ಟಿ ‘ಗೂಡ್ಸ್ ಗಾಡಿ ಬರುವಾಗ ಎಬ್ಬಿಸಿ’ ಎಂದು ಅರಿವಳಿಕೆ ತಜ್ಞರಿಗೆ ಹೇಳಿ, ಮೂರು ಎಣಿಸುವಷ್ಟರಲ್ಲಿ ಮಲಗಿದಳು. ಈ ಸಲ ನನಗೆ ಒಳಗೆ ಜಾಗವಿರಲಿಲ್ಲ. ಐವತ್ತೈದು ನಿಮಿಷ ಎದುರಿನ ಗೋಡೆಯ ಅಗ್ನಿಶಾಮಕ ಸೂಚನೆಯನ್ನು ಓದಿದೆ, ಈಗಲೂ ಬಾಯಿಪಾಠ ಹೇಳಬಲ್ಲೆ. ಎದ್ದ ಮೇಲೆ ಎರಡು ಸಲ ವಾಂತಿ, ಸಂಜೆಯವರೆಗೆ ಮಂಪರು. ಮಾರನೆಯ ದಿನ ಏನೂ ಆಗಿಲ್ಲವೆಂಬಂತೆ ದೋಸೆ ಕೇಳಿದಳು.

ಮಾಮೂಲಿ ವರದಿ ಮರುದಿನವೇ ಬಂತು. ಡಿಟಿಐ ಲೆಕ್ಕಕ್ಕೆ ಐದು ದಿನ. ಯಂತ್ರ ಕೊಡುವುದು ಕಚ್ಚಾ ಮಾಲು. ಅದರಲ್ಲಿ ಹುರಿಯ ಗಡಿಯನ್ನು ಒಂದೊಂದು ಮಟ್ಟದಲ್ಲೂ ರೇಡಿಯಾಲಜಿಸ್ಟ್ ಕೈಯಿಂದ ಗುರುತು ಮಾಡಬೇಕು. ಅವರು ನಮ್ಮನ್ನು ಕೂರಿಸಿಕೊಂಡು ಪರದೆಯ ಮೇಲೆ ತೋರಿಸಿದರು. ಮೊದಲು ಸಾದಾ ಚಿತ್ರ: ಜೂನ್‌ನಲ್ಲಿ ಊದಿದ್ದ ಜಾಗ ಈಗ ಸೊರಗಿದೆ. ಆಮೇಲೆ ಬಣ್ಣದ ಚಿತ್ರ. ನೀರು ಎಡಬಲಕ್ಕೆ ಸರಿದರೆ ಕೆಂಪು, ಹಿಂದೆಮುಂದೆ ಸರಿದರೆ ಹಸಿರು, ತಲೆಯಿಂದ ಕಾಲಿನತ್ತ ಸರಿದರೆ ನೀಲಿ ಎಂದು ಗೊತ್ತುಮಾಡಿಕೊಂಡಿದ್ದಾರೆ. ಬೆನ್ನುಹುರಿಯ ನರಗಳೆಲ್ಲ ಮೇಲಿಂದ ಕೆಳಗೆ ಇರುವುದರಿಂದ ಒಳ್ಳೆಯ ಹುರಿ ನೀಲಿ ಹಗ್ಗದಂತೆ ಕಾಣುತ್ತದೆ.

ನಮ್ಮದು ತೆಂಗಿನ ಸೀಮೆ, ನನಗೆ ಅರ್ಥವಾದದ್ದು ನಾರಿನ ಹಗ್ಗದ ಲೆಕ್ಕದಲ್ಲಿ. ಗಟ್ಟಿ ಹಗ್ಗದ ತುದಿಯನ್ನು ನೀರಿಗಿಟ್ಟರೆ ನೀರು ಎಳೆಯ ಗುಂಟ ಮೇಲಕ್ಕೇರುತ್ತದೆ. ಎಳೆ ಕೊಳೆತ ಕಡೆ ಸುತ್ತಲೂ ಹರಡಿ ಒದ್ದೆ ಮುದ್ದೆಯಾಗುತ್ತದೆ. ನೀರು ಎಷ್ಟು ಒಂದೇ ದಿಕ್ಕಿಗೆ ಸಾಗುತ್ತದೆ ಎಂಬುದನ್ನು ಶೂನ್ಯದಿಂದ ಒಂದರವರೆಗಿನ ಅಂಕಿಯಲ್ಲಿ ಹೇಳುತ್ತಾರೆ. ಫ್ರಾಕ್ಷನಲ್ ಅನೈಸೊಟ್ರೊಪಿ ಎಂದು ಅದರ ಹೆಸರು, ಎಫ್‌ಎ ಎಂದು ಬರೆಯುತ್ತಾರೆ. ಪುಟ್ಟಿಯ ಹುರಿಯಲ್ಲಿ ಮೇಲ್ಗಡೆ 0.61, ಹಾನಿಯಾದ ಎದೆಭಾಗದಲ್ಲಿ 0.29, ಅದರ ಕೆಳಗೆ 0.42. ಪೆಟ್ಟಾದ ಜಾಗದಿಂದ ದೂರದಲ್ಲೂ ಅಂಕಿ ಇಳಿದಿರುವುದು ಸಾದಾ ಚಿತ್ರದಲ್ಲಿ ಕಾಣದ ಸಂಗತಿ, ಕಡಿದ ನರದೆಳೆ ಮುಂದಕ್ಕೂ ಒಣಗುತ್ತ ಹೋಗುತ್ತದೆ ಎಂದರು. ಆದರೆ ಆ ಮಸುಕಾದ ಜಾಗದ ಎಡಪಕ್ಕದಲ್ಲಿ ತೆಳ್ಳನೆಯ ನೀಲಿ ಅಂಚೊಂದು ಮೇಲಿನಿಂದ ಕೆಳಗಿನವರೆಗೆ ಕಡಿಯದೆ ಇಳಿದಿತ್ತು.

‘ಹಾಗಾದರೆ ನಡೆಯುತ್ತಾಳಾ?’ ಎಂದು ಅವಳ ಅಪ್ಪ ಕೇಳಿಯೇ ಬಿಟ್ಟರು. ಆರು ತಿಂಗಳಲ್ಲಿ ಆ ಪ್ರಶ್ನೆಯನ್ನು ಅವರು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

ರೇಡಿಯಾಲಜಿಸ್ಟ್ ಪರದೆಯಿಂದ ಕುರ್ಚಿಯನ್ನು ನಮ್ಮತ್ತ ತಿರುಗಿಸಿಕೊಂಡರು. ಈ ಗೆರೆಗಳು ನರಗಳ ಫೋಟೋ ಅಲ್ಲ, ನೀರಿನ ಓಟ ನೋಡಿ ಕಂಪ್ಯೂಟರ್ ಊಹಿಸಿ ಎಳೆದವು. ಗೆರೆ ಇಲ್ಲದ ಕಡೆ ನರ ಇಲ್ಲವೆಂದೂ ಅಲ್ಲ, ಗೆರೆ ಇರುವ ಕಡೆ ನರ ಕೆಲಸ ಮಾಡುತ್ತದೆಂದೂ ಅಲ್ಲ. ಈ ವಯಸ್ಸಿಗೆ ಈ ಯಂತ್ರದಲ್ಲಿ ಇಷ್ಟೇ ಇರಬೇಕೆಂಬ ಒಪ್ಪಿತ ಅಂಕಿಯೂ ಇಲ್ಲ. ‘ಇವಳ ಅಂಕಿಯನ್ನು ಇವಳ ಅಂಕಿಯೊಂದಿಗೇ ಹೋಲಿಸಬೇಕು. ಒಂದು ವರ್ಷದ ಗಡುವಿಗೆ ಇದೇ ಯಂತ್ರದಲ್ಲಿ ಮತ್ತೆ ಮಾಡಿಸಿ’ ಎಂದರು. ಪುನರ್ವಸತಿ ವೈದ್ಯರು ವರದಿ ನೋಡಿ, ಹಾನಿಯನ್ನು ‘ಪೂರ್ತಿ’ ಎಂದು ಬರೆಯುವುದನ್ನು ತಡೆಹಿಡಿದರು. ಎಡಗಾಲಿನ ವ್ಯಾಯಾಮದ ಹೊತ್ತು ಹೆಚ್ಚಿಸಿದರು. ಹತ್ತಿ-ಪಿನ್ನಿನ ಪರೀಕ್ಷೆಯನ್ನು ಈ ಸಲ ಆಟದಂತೆ, ಮೂರು ದಿನಕ್ಕೆ ಹಂಚಿ ಮಾಡಿದರು. ಎಡಪಾದದ ಹೊರ ಅಂಚಿನಲ್ಲಿ ಐದರಲ್ಲಿ ನಾಲ್ಕು ಸಲ ಸರಿಯಾಗಿ ಹೇಳಿದಳು. ಗಾಳಿಯಲ್ಲಿ ಕೈ ನಿಲ್ಲಿಸಿದಾಗ ‘ಏನೂ ಇಲ್ಲ, ಸುಳ್ಳು’ ಎಂದು ನಕ್ಕಳು.

ಖರ್ಚು ಕೇಳುವವರಿಗೆ: ಮೊದಲ ಯತ್ನಕ್ಕೆ 14,500. ಎರಡನೆಯ ಸಲ ಡಿಟಿಐ ಭಾಗಕ್ಕೆ ಮಾತ್ರ 8,000. ಯತ್ನ ಕೆಟ್ಟರೆ ಎಷ್ಟು ಹಿಡಿದುಕೊಳ್ಳುತ್ತೀರಿ ಎಂದು ಮೊದಲೇ ಕೇಳಿ ಬರೆಸಿಕೊಂಡಿದ್ದರಿಂದ ಅಷ್ಟಕ್ಕೆ ನಿಂತಿತು. ಅರಿವಳಿಕೆ 5,500, ಅದಕ್ಕೆ ಮುಂಚಿನ ತಪಾಸಣೆ 700, ರಕ್ತಪರೀಕ್ಷೆ 900. ರೈಲು, ಆಟೊ, ಲಾಡ್ಜ್, ಊಟ ಎಲ್ಲ ಸೇರಿ 9,000. ಒಟ್ಟು 38,600 ರೂಪಾಯಿ. ಜೂನ್‌ನಲ್ಲಿ ಒಳರೋಗಿಯಾಗಿದ್ದಾಗಿನ ಎಂಆರ್‌ಐಗಳು ಸರ್ಕಾರಿ ಆರೋಗ್ಯ ಯೋಜನೆಯ ಪ್ಯಾಕೇಜಿನೊಳಗೆ ಹೋಗಿದ್ದವು. ಹೊರರೋಗಿಯಾಗಿ ಮಾಡಿಸಿದ ಡಿಟಿಐಗೆ ಅದು ಒದಗಲಿಲ್ಲ. ಆ ಯೋಜನೆಯ ಸಹಾಯಕರಾಗಿ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ರೇಷನ್ ಕಾರ್ಡ್, ಆಧಾರ್ ಹಿಡಿದು ಒಮ್ಮೆ ಕಂಡುಬನ್ನಿ, ನಿಮ್ಮ ಪ್ರಕರಣದಲ್ಲಿ ಒದಗಿದರೂ ಒದಗಬಹುದು. ವಿಶಿಷ್ಟ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕುವಾಗ ಎಲ್ಲ ಸ್ಕ್ಯಾನ್ ವರದಿಗಳ ನಕಲು ಲಗತ್ತಿಸಿದೆ. ನನ್ನ ಕಡತ ಈಗ ಮೂರಂಗುಲ ದಪ್ಪ.

ಬಣ್ಣದ ಚಿತ್ರದ ಒಂದು ಪ್ರತಿಯನ್ನು ಪುಟ್ಟಿ ಕೇಳಿ ಪಡೆದಳು. ಊಟದ ಮೇಜಿನ ಕೆಳಗೆ, ಅವಳ ಗುಹೆಯ ಒಳಮಗ್ಗುಲಲ್ಲಿ ಅಂಟಿಸಿಕೊಂಡಿದ್ದಾಳೆ. ಜಮಖಾನ ತೆಗೆಯಲು ಬಿಟ್ಟಿಲ್ಲ. ಮುಂದಿನ ಸ್ಕ್ಯಾನ್ ಜೂನ್‌ನಲ್ಲಿ. ತಮ್ಮನಿಗೆ ನೆಗಡಿಯಾಗದ ವಾರ ನೋಡಿ ದಿನಾಂಕ ಹಿಡಿಯಬೇಕು, ಪಿನ್ನುಗಳನ್ನು ಊರಲ್ಲೇ ಬಿಚ್ಚಿಟ್ಟು ಹೋಗಬೇಕು.